ಮಾವಿನ ಊಜಿಗೆ ಎಷ್ಟು ಹೆಸರು?

ಪ್ರಥಮ ಪಿಯುಸಿ ಜೀವಶಾಸ್ತ್ರ ಪುಸ್ತಕದ ಮೊದಲ ಅಧ್ಯಾಯದಲ್ಲಿ ಒಂದು ಸಣ್ಣ ಪಟ್ಟಿ ಇದೆ. ಮನುಷ್ಯ, ಮನೆನೊಣ, ಮಾವು, ಗೋಧಿ ಈ ನಾಲ್ಕು ಜೀವಿಗಳ ಕುಲ, ಕುಟುಂಬ, ಗಣ, ವರ್ಗಗಳನ್ನು ಅದರಲ್ಲಿ ಸಾಲಾಗಿ ಕೊಟ್ಟಿದ್ದಾರೆ. ಒಂದು ಅಂಕಕ್ಕೆ ಬರಬಹುದೆಂದು ಎಲ್ಲರೂ ಅದನ್ನು ಬಾಯಿಪಾಠ ಮಾಡುತ್ತೀರಿ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತೀರಿ. ಆ ಪಾಠ ಮಾಡುವಾಗ ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ: "ಮೇಡಂ, ಹೆಸರು ಯಾವುದಾದರೇನು? ಹೆಸರು ಬದಲಾಯಿಸಿದರೆ ನೊಣ ಬದಲಾಗುತ್ತಾ?"

ನಗು ಬರಿಸಲು ಕೇಳಿದ ಪ್ರಶ್ನೆಯೇ ಇರಬಹುದು, ಆದರೆ ಪ್ರಶ್ನೆ ಒಳ್ಳೆಯದು. ತರಗತಿಯ ಅವಧಿಯಲ್ಲಿ ಅದಕ್ಕೆ ಪೂರ್ತಿ ಉತ್ತರ ಹೇಳಲು ಸಮಯ ಸಾಲುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು ಆ ಪಟ್ಟಿಯ ನೊಣಕ್ಕೂ ಮಾವಿಗೂ ನಡುವೆ ಇರುವ ಒಂದು ಜೀವಿಯನ್ನು. ಹೊರಗಿನಿಂದ ನೋಡಿದರೆ ಬಂಗಾರದಂಥ ಬಾದಾಮಿ ಹಣ್ಣು, ಕೊಯ್ದರೆ ಒಳಗೆ ಬಿಳೀ ಹುಳು. ಆ ಹುಳುವಿನ ತಾಯಿ ಈ ನೊಣ.

ಊಜಿ ಅಂದರೆ ಯಾವುದು?

ನಮ್ಮ ರಾಮನಗರ, ಚನ್ನಪಟ್ಟಣದ ಕಡೆ ತೋಟದವರು ಇದನ್ನು ‘ಊಜಿ’ ಎನ್ನುತ್ತಾರೆ. ಕೋಲಾರದ ಕಡೆಯೂ ಹಾಗೆಯೇ. ‘ಮಾವಿಗೆ ಊಜಿ ಬಿದ್ದಿದೆ’ ಎಂದರೆ ಮಂಡಿಯವರಿಗೂ ಅರ್ಥವಾಗುತ್ತದೆ. ಆದರೆ ನಿಮ್ಮಲ್ಲಿ ಎಷ್ಟೋ ಜನರ ಮನೆಗಳಲ್ಲಿ ರೀಲಿಂಗ್ ಕೆಲಸ ಇದೆ. ಆ ಮನೆಗಳಲ್ಲಿ ಊಜಿ ಎಂದರೆ ಬೇರೆಯೇ ನೊಣ. ಅದು ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಹುಳುವಿನ ಒಳಹೊಕ್ಕು ತಿಂದು, ಗೂಡು ಕಟ್ಟಿದ ಮೇಲೆ ಗೂಡನ್ನೇ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ತೆಗೆಯಲಾಗದು ಎಂದು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆ ನೊಣ 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳ ಜೊತೆ ಕರ್ನಾಟಕಕ್ಕೆ ಬಂತು. ಅದರ ವೈಜ್ಞಾನಿಕ ಹೆಸರು ಎಕ್ಸೊರಿಸ್ಟ ಬಾಂಬಿಸಿಸ್, ಕುಟುಂಬ ಟ್ಯಾಕಿನಿಡೇ.

ಮಾವಿನ ಊಜಿಯ ಹೆಸರು ಬ್ಯಾಕ್ಟ್ರೊಸೆರ ಡಾರ್ಸಾಲಿಸ್, ಕುಟುಂಬ ಟೆಫ್ರಿಟಿಡೇ. ಎರಡೂ ಡಿಪ್ಟೆರ ಗಣಕ್ಕೆ ಸೇರಿದ ನೊಣಗಳು ಎಂಬುದನ್ನು ಬಿಟ್ಟರೆ ಇವುಗಳ ಬದುಕೇ ಬೇರೆ. ಒಂದು ಗಿಡದ ಹಣ್ಣು ತಿನ್ನುತ್ತದೆ, ಇನ್ನೊಂದು ಇನ್ನೊಂದು ಕೀಟವನ್ನು ತಿನ್ನುತ್ತದೆ. ಒಂದಕ್ಕೆ ಹೇಳಿದ ಉಪಾಯ ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಒಂದೇ ತಾಲ್ಲೂಕಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಒಂದೇ ಮಾತು ಎರಡು ನೊಣಗಳಿಗೆ ಓಡಾಡುತ್ತಿದೆ. ಆದರೂ ತೋಟದವರನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಜಪಾನಿ ಭಾಷೆಯಲ್ಲಿ ‘ಉಜಿ’ ಎಂದರೆ ನೊಣದ ಮರಿಹುಳು ಎಂದೇ ಅರ್ಥ!

ಇನ್ನೊಂದು ಗೊಂದಲ ಪಠ್ಯಪುಸ್ತಕದ್ದು. ದ್ವಿತೀಯ ಪಿಯುಸಿಗೆ ಬಂದಾಗ ಮಾರ್ಗನ್ ಅವರ ಪ್ರಯೋಗದಲ್ಲಿ ‘ಹಣ್ಣಿನ ನೊಣ’ ಬರುತ್ತದೆ. ಅದು ಡ್ರೊಸೊಫಿಲ ಮೆಲನೋಗ್ಯಾಸ್ಟರ್, ಕುಟುಂಬ ಡ್ರೊಸೊಫಿಲಿಡೇ. ಕೊಳೆಯುತ್ತಿರುವ ಬಾಳೆಹಣ್ಣಿನ ಮೇಲೆ ಮುತ್ತುವ, ಎರಡು ಮೂರು ಮಿಲಿಮೀಟರ್ ಉದ್ದದ, ಕೆಂಪು ಕಣ್ಣಿನ ಆ ಪುಟ್ಟ ನೊಣಕ್ಕೆ ಮುಖ್ಯವಾಗಿ ಬೇಕಾಗಿರುವುದು ಹುದುಗುವ ಹಣ್ಣಿನಲ್ಲಿರುವ ಯೀಸ್ಟ್. ಅದು ಹಣ್ಣು ಕೆಟ್ಟ ಮೇಲೆ ಬರುತ್ತದೆ. ಮಾವಿನ ಊಜಿ ಹಾಗಲ್ಲ. ಅದು ಮರದಲ್ಲಿ ನೇತಾಡುವ ಗಟ್ಟಿ ಹಣ್ಣಿಗೇ ಬಂದು ಸೂಜಿಯಂಥ ಅಂಗದಿಂದ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತದೆ, ಹಣ್ಣು ಕೆಡುವುದು ಅದು ಬಂದದ್ದರಿಂದ. ಡ್ರೊಸೊಫಿಲದಲ್ಲೂ ಗಟ್ಟಿ ಹಣ್ಣನ್ನು ಗರಗಸದಂತೆ ಕೊಯ್ಯುವ ಸುಜುಕಿಯೈ ಎಂಬ ಪ್ರಭೇದವಿದೆ, ಅದು ಅಪವಾದ. ಪರೀಕ್ಷೆಯಲ್ಲಿ ‘ಹಣ್ಣಿನ ನೊಣ’ ಎಂದರೆ ಡ್ರೊಸೊಫಿಲ ಎಂದೇ ಬರೆಯಿರಿ. ತೋಟದಲ್ಲಿ ಮಾತ್ರ ಹಾಗೆ ತಿಳಿಯಬೇಡಿ.

ಮೊದಲು ನೊಣವನ್ನು ನೋಡೋಣ

ಕುಟುಂಬದಿಂದ ಶುರುಮಾಡೋಣ. ಟೆಫ್ರಿಟಿಡೇಯಲ್ಲಿ ಸುಮಾರು 5,000 ಪ್ರಭೇದಗಳಿವೆ. ಹೆಚ್ಚಿನವಕ್ಕೆ ರೆಕ್ಕೆಯ ಮೇಲೆ ಪಟ್ಟೆ, ಚುಕ್ಕೆ, ಮೋಡದಂಥ ಗುರುತು ಇರುತ್ತದೆ. ಎಲ್ಲವೂ ಹಣ್ಣು ತಿನ್ನುವವಲ್ಲ. ಹೂವಿನ ತಲೆಯಲ್ಲಿ, ಕಾಂಡದಲ್ಲಿ ಬೆಳೆಯುವವೂ ಇವೆ. ಉಷ್ಣವಲಯದ ಏಷ್ಯಾದಲ್ಲಿ ಹಣ್ಣಿಗೆ ಕಾಟ ಕೊಡುವ ಮುಖ್ಯ ಗುಂಪು ಬ್ಯಾಕ್ಟ್ರೊಸೆರ. ಗ್ರೀಕ್ ಭಾಷೆಯಲ್ಲಿ ಬ್ಯಾಕ್ಟ್ರಾನ್ ಎಂದರೆ ಕೋಲು, ಕೆರಾಸ್ ಎಂದರೆ ಕೊಂಬು. ಮುಖದ ಮುಂದೆ ಚಾಚಿದ ಕೋಲಿನಂಥ ಕುಡಿಮೀಸೆಯನ್ನು ನೋಡಿ ಇಟ್ಟ ಹೆಸರು ಅದು.

ಡಾರ್ಸಾಲಿಸ್ ನೊಣ ಹೆಚ್ಚುಕಡಿಮೆ ಮನೆನೊಣದಷ್ಟು ದೊಡ್ಡದು. ದೂರದಿಂದ ನೋಡಿದವರು ಸಣ್ಣ ಕಣಜ ಎಂದುಕೊಳ್ಳುತ್ತಾರೆ. ಬೆನ್ನು ಕಪ್ಪು, ಅದರ ಎರಡು ಬದಿಯಲ್ಲಿ ಎರಡು ಹಳದಿ ಪಟ್ಟಿ, ಬೆನ್ನಿನ ತುದಿಯಲ್ಲಿ ಹಳದಿ ತ್ರಿಕೋನ. ಹೊಟ್ಟೆಯ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದಂಥ ಕಪ್ಪು ಗುರುತು. ರೆಕ್ಕೆ ಗಾಜಿನಂತೆ ಸ್ವಚ್ಛ, ಮುಂದಿನ ಅಂಚಿನ ಉದ್ದಕ್ಕೂ ಮಾತ್ರ ಒಂದು ಕಿರಿದಾದ ಕಂದು ಗೆರೆ. ಹೆಣ್ಣಿಗೆ ಹೊಟ್ಟೆಯ ತುದಿಯಲ್ಲಿ ಮೊಟ್ಟೆಯಿಡುವ ಸೂಜಿ ಇರುತ್ತದೆ. ಹುಳು ಹಣ್ಣಿನೊಳಗೆ ಬಲಿತ ಮೇಲೆ ಹೊರಬಂದು, ಮೈ ಬಾಗಿಸಿ ಟಣ್ಣನೆ ನೆಗೆದು ಮಣ್ಣು ಸೇರಿ ಕೋಶವಾಗುತ್ತದೆ. ಕೆಳಗೆ ಬಿದ್ದ ಹಣ್ಣುಗಳನ್ನು ಆರಿಸಿ ಹೂಳಿ ಎಂದು ತೋಟಗಾರಿಕೆಯವರು ಹೇಳುವುದು ಇದೇ ಕಾರಣಕ್ಕೆ.

ಇಷ್ಟು ಗುರುತು ಸಾಕಲ್ಲವೇ, ಇದರಲ್ಲಿ ಜಗಳಕ್ಕೇನಿದೆ ಎಂದು ನಿಮಗೆ ಅನಿಸಬಹುದು. ಇದೆ. ಈ ಗುರುತುಗಳೆಲ್ಲ ಒಂದೇ ನೊಣದಲ್ಲಿ ಇಲ್ಲ. ಸ್ವಲ್ಪ ಸ್ವಲ್ಪ ವ್ಯತ್ಯಾಸದೊಂದಿಗೆ ಹತ್ತಾರು ನೊಣಗಳಲ್ಲಿವೆ.

ಮೂರು ಹೆಸರಿನ ಇತಿಹಾಸ

1794ರಲ್ಲಿ ಡೆನ್ಮಾರ್ಕಿನ ಫಾಬ್ರಿಸಿಯಸ್ ಈ ನೊಣಕ್ಕೆ ಮಸ್ಕ ಫೆರುಜಿನಿಯ ಎಂದು ಹೆಸರಿಟ್ಟರು. ಅವರು ಲಿನೇಯಸ್ ಅವರ ಶಿಷ್ಯರು. ಆ ಕಾಲದಲ್ಲಿ ಕಂಡ ನೊಣಗಳಲ್ಲಿ ಬಹುಪಾಲು ಮಸ್ಕ ಕುಲಕ್ಕೇ ಹೋಗುತ್ತಿದ್ದವು, ಇಂದಿಗೂ ನಮ್ಮ ಮನೆನೊಣ ಮಸ್ಕ ಡೊಮೆಸ್ಟಿಕವೇ. ಫೆರುಜಿನಿಯ ಎಂದರೆ ತುಕ್ಕಿನ ಬಣ್ಣದ್ದು. ಹೆಸರು ಚೆನ್ನಾಗಿತ್ತು, ಹಳೆಯದೂ ಆಗಿತ್ತು. ಆದರೆ ಅದಕ್ಕೂ ಮುಂಚೆ, 1763ರಲ್ಲಿ, ಸ್ಕೋಪೊಲಿ ಎಂಬವರು ಬೇರೊಂದು ನೊಣಕ್ಕೆ ಇದೇ ಮಸ್ಕ ಫೆರುಜಿನಿಯ ಹೆಸರನ್ನು ಕೊಟ್ಟುಬಿಟ್ಟಿದ್ದರು. ಪ್ರಾಣಿಗಳ ನಾಮಕರಣ ನಿಯಮದಲ್ಲಿ ಒಂದೇ ಜೋಡಿ ಹೆಸರನ್ನು ಎರಡು ಪ್ರಾಣಿಗಳಿಗೆ ಇಡುವಂತಿಲ್ಲ, ಮೊದಲು ಇಟ್ಟವರ ಹೆಸರು ಉಳಿಯುತ್ತದೆ. ನಮ್ಮ ತರಗತಿಯಲ್ಲಿ ನಾಲ್ಕು ಜನ ಆಯೇಷಾ ಇದ್ದರೆ ಇನಿಷಿಯಲ್ ನೋಡಿ ಹಾಜರಿ ಕರೆಯುತ್ತೇವೆ. ಪ್ರಾಣಿಶಾಸ್ತ್ರದಲ್ಲಿ ಆ ಅನುಕೂಲ ಇಲ್ಲ. ಎರಡನೆಯ ಫೆರುಜಿನಿಯ ಬಿದ್ದುಹೋಯಿತು. ಬಿದ್ದರೂ ಬಹಳ ಕಾಲ ಬಳಕೆಯಲ್ಲಿ ಉಳಿಯಿತು, ಇಪ್ಪತ್ತನೇ ಶತಮಾನದ ಆರಂಭದ ಭಾರತದ ಕೃಷಿ ಕೀಟಗಳ ಬರಹಗಳಲ್ಲಿ ಮಾವಿನ ನೊಣವನ್ನು ಡೇಕಸ್ ಫೆರುಜಿನಿಯಸ್ ಎಂದೇ ಕರೆದಿದ್ದಾರೆ.

1912ರಲ್ಲಿ ಫ್ರೀಡ್ರಿಕ್ ಹೆಂಡೆಲ್ ಎಂಬವರು ಫಾರ್ಮೋಸಾ, ಅಂದರೆ ಈಗಿನ ತೈವಾನ್ ದ್ವೀಪದಿಂದ ಬಂದ ನೊಣಗಳನ್ನು ಪರೀಕ್ಷಿಸಿ ಡೇಕಸ್ ಡಾರ್ಸಾಲಿಸ್ ಎಂದು ವರ್ಣಿಸಿದರು. ಡಾರ್ಸಾಲಿಸ್ ಎಂದರೆ ಬೆನ್ನಿಗೆ ಸಂಬಂಧಿಸಿದ್ದು. ಈ ಹೆಂಡೆಲ್ ಆಸ್ಟ್ರಿಯಾದ ಒಂದು ಹೈಸ್ಕೂಲಿನ ಮುಖ್ಯಸ್ಥರಾಗಿದ್ದರು ಎಂಬುದನ್ನು ನಮ್ಮ ಸಿಬ್ಬಂದಿ ಕೊಠಡಿಯ ಗಮನಕ್ಕೆ ತರಬಯಸುತ್ತೇನೆ. ಶಾಲೆಯ ಕೆಲಸದ ಜೊತೆಗೇ ಅವರು ನೊಣಗಳ ದೊಡ್ಡ ಪಂಡಿತರೂ ಆಗಿದ್ದರು.

ಆಮೇಲೆ ಪ್ರಭೇದದ ಹೆಸರು ನಿಂತಿತು, ಕುಲದ ಹೆಸರು ಅಲೆಯಿತು. ಒಮ್ಮೆ ಡೇಕಸ್, ಒಮ್ಮೆ ಕೀಟೊಡೇಕಸ್, ಒಮ್ಮೆ ಸ್ಟ್ರುಮೆಟ, ಮತ್ತೆ ಡೇಕಸ್. 1989ರ ಸುಮಾರಿಗೆ ಆಸ್ಟ್ರೇಲಿಯಾದ ಡ್ರೂ ಅವರು ಬ್ಯಾಕ್ಟ್ರೊಸೆರವನ್ನು ಪ್ರತ್ಯೇಕ ಕುಲವಾಗಿ ಎತ್ತಿದ ಮೇಲೆ ಈಗಿನ ಹೆಸರು ನೆಲೆಯಾಯಿತು. ಈ ಅಲೆದಾಟದ ಗುರುತು ಹೆಸರಿನಲ್ಲೇ ಉಳಿದಿದೆ. ಪುಸ್ತಕದಲ್ಲಿ ‘ಬ್ಯಾಕ್ಟ್ರೊಸೆರ ಡಾರ್ಸಾಲಿಸ್ (ಹೆಂಡೆಲ್)’ ಎಂದು ಲೇಖಕರ ಹೆಸರನ್ನು ಆವರಣದಲ್ಲಿ ಹಾಕಿರುತ್ತಾರೆ. ಆ ಆವರಣ ಅಲಂಕಾರಕ್ಕಲ್ಲ. ‘ಹೆಂಡೆಲ್ ಹೆಸರಿಟ್ಟಾಗ ಇದು ಬೇರೆ ಕುಲದಲ್ಲಿತ್ತು’ ಎಂದು ಅದರ ಅರ್ಥ. ಮನೆನೊಣದ ಮುಂದೆ ‘ಲಿನೇಯಸ್’ ಎಂದು ಆವರಣವಿಲ್ಲದೆ ಬರೆಯುತ್ತಾರೆ, ಏಕೆಂದರೆ 1758ರಿಂದ ಅದು ಮನೆ ಬದಲಾಯಿಸಿಲ್ಲ. ಪಠ್ಯಪುಸ್ತಕ ಇದನ್ನು ಹೇಳಿಕೊಡುವುದಿಲ್ಲ. ಹೇಳಿದ್ದರೆ ಎಷ್ಟೋ ಹೆಸರುಗಳನ್ನು ಓದುವುದು ಸ್ವಾರಸ್ಯವಾಗುತ್ತಿತ್ತು.

ಒಂದು ನೊಣ ಐವತ್ತೆರಡಾದದ್ದು

ಇಲ್ಲಿಯವರೆಗಿನದು ಹೆಸರಿನ ಮಾತು. ಇನ್ನು ಮುಂದಿನದು ಪ್ರಭೇದದ ಮಾತು, ನಿಜವಾದ ಕಷ್ಟ ಇಲ್ಲಿದೆ.

ಪಾಕಿಸ್ತಾನದಿಂದ ಫಿಲಿಪೀನ್ಸ್‌ವರೆಗೆ ಸಿಗುವ ‘ಡಾರ್ಸಾಲಿಸ್’ಗಳೆಲ್ಲ ನಿಜಕ್ಕೂ ಒಂದೇ ಪ್ರಭೇದವೇ ಎಂಬ ಅನುಮಾನ ಮೊದಲಿನಿಂದಲೂ ಇತ್ತು. 1994ರಲ್ಲಿ ಡ್ರೂ ಮತ್ತು ಹ್ಯಾನ್‌ಕಾಕ್ ಏಷ್ಯಾದ ಈ ಗುಂಪನ್ನು ಕೂಲಂಕಷವಾಗಿ ಪರೀಕ್ಷಿಸಿ 52 ಪ್ರಭೇದಗಳಾಗಿ ವಿಂಗಡಿಸಿದರು. ಅವುಗಳಲ್ಲಿ 40 ಹೊಸವು. ಮಲೇಷ್ಯಾ ಕಡೆಯದಕ್ಕೆ ಪಪಾಯೆ, ಫಿಲಿಪೀನ್ಸಿನದಕ್ಕೆ ಫಿಲಿಪಿನೆನ್ಸಿಸ್, ಧಾರೆಹುಳಿ ಹಣ್ಣಿನಲ್ಲಿ ಸಿಗುವುದಕ್ಕೆ ಕರಂಬೋಲೆ ಎಂದು ಹೆಸರಾಯಿತು. ಡಾರ್ಸಾಲಿಸ್ ಎಂಬ ಹೆಸರು ತೈವಾನ್‌ನಿಂದ ಭಾರತದವರೆಗಿನ ನೊಣಕ್ಕೆ ಉಳಿಯಿತು. ಬೇರ್ಪಡಿಸಲು ಬಳಸಿದ ಗುರುತುಗಳೆಂದರೆ ಹೆಣ್ಣಿನ ಸೂಜಿಯ ಉದ್ದ, ಹಳದಿ ಪಟ್ಟಿಯ ಅಗಲ ಮತ್ತು ಆಕಾರ, ಕಾಲಿನ ಮೇಲಿನ ಕಪ್ಪು ಗುರುತು, ಹೊಟ್ಟೆಯ ಮೇಲಿನ ಕಪ್ಪಿನ ಪ್ರಮಾಣ. ಇಬ್ಬರೂ ಸಾವಿರಾರು ನೊಣಗಳನ್ನು ಸೂಕ್ಷ್ಮದರ್ಶಕದಡಿ ನೋಡಿದ ಅನುಭವಿಗಳು. ಅವರ ಕೆಲಸವನ್ನು ಯಾರೂ ಹಗುರವಾಗಿ ನೋಡಲಿಲ್ಲ.

ಮರುವರ್ಷವೇ ಇದರ ಬಿಸಿ ತಟ್ಟಿತು. 1995ರಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್ ಊರಿನ ಬಳಿ ‘ಪಪಾಯೆ’ ಕಾಣಿಸಿಕೊಂಡಿತು. ಹೊಸ ಹೆಸರಿನ ವಿದೇಶಿ ಕೀಟ. ಹಣ್ಣುಗಳ ಸಾಗಾಟಕ್ಕೆ ನಿರ್ಬಂಧ, ಸಾವಿರಾರು ಬಲೆಗಳು, ವರ್ಷಗಟ್ಟಲೆ ಕಾರ್ಯಾಚರಣೆ. 1999ಕ್ಕೆ ಅದನ್ನು ಪೂರ್ತಿ ನಿರ್ಮೂಲ ಮಾಡಿದರು.

2003ರಲ್ಲಿ ಕೆನ್ಯಾದಲ್ಲಿ ಇನ್ನೊಂದು ನೊಣ ಸಿಕ್ಕಿತು. ಆಫ್ರಿಕಾದಲ್ಲಿ ಹಿಂದೆ ಕಂಡದ್ದಲ್ಲ, ಏಷ್ಯಾದ ಗುಂಪಿನದೇ. ಆದರೆ ಬೆನ್ನಿನ ಬಣ್ಣ ಒಂದೇ ರೀತಿ ಇರಲಿಲ್ಲ, ಕೆಲವಕ್ಕೆ ಕಪ್ಪು, ಕೆಲವಕ್ಕೆ ಕೆಂಗಂದು. ಶ್ರೀಲಂಕಾದಲ್ಲೂ ಅಂಥವು ಇವೆ ಎಂದು ಗೊತ್ತಾಯಿತು. 2005ರಲ್ಲಿ ಡ್ರೂ, ತ್ಸುರುತ ಮತ್ತು ವೈಟ್ ಅದಕ್ಕೆ ಬ್ಯಾಕ್ಟ್ರೊಸೆರ ಇನ್ವೇಡೆನ್ಸ್ ಎಂದು ಹೆಸರಿಟ್ಟರು. ಇನ್ವೇಡೆನ್ಸ್ ಎಂದರೆ ದಾಳಿಕೋರ. ಕೆಲವೇ ವರ್ಷಗಳಲ್ಲಿ ಅದು ಸಹಾರಾದ ದಕ್ಷಿಣದ ದೇಶದಿಂದ ದೇಶಕ್ಕೆ ಹರಡಿತು. ಅಲ್ಲಿನ ಮಾವು ಬೆಳೆಗಾರರಿಗೆ ಹೊರದೇಶದ ಮಾರುಕಟ್ಟೆಗಳು ಒಂದೊಂದಾಗಿ ಮುಚ್ಚಿದವು.

ಈಗ ನಿಮ್ಮ ಪ್ರಶ್ನೆಗೆ ಬನ್ನಿ. ಹೆಸರು ಯಾವುದಾದರೇನು? ಕೆನ್ಯಾದ ಬೆಳೆಗಾರನ ಜಾಗದಲ್ಲಿ ನಿಂತು ಯೋಚಿಸಿ. ಡಾರ್ಸಾಲಿಸ್ ಬಗ್ಗೆ ಹವಾಯಿ, ಜಪಾನ್, ತೈವಾನ್, ಭಾರತಗಳಲ್ಲಿ ದಶಕಗಳ ಅಧ್ಯಯನವಿದೆ. ಎಷ್ಟು ಬಿಸಿ ಹಬೆಗೆ ಅದರ ಹುಳು ಸಾಯುತ್ತದೆ, ಎಷ್ಟು ವಿಕಿರಣ ಬೇಕು, ಯಾವ ಪರಾವಲಂಬಿ ಕಣಜ ಅದರ ಮೊಟ್ಟೆಯನ್ನು ಹುಡುಕಿ ಕೊಲ್ಲುತ್ತದೆ, ಎಲ್ಲವೂ ಗೊತ್ತಿದೆ. ಆದರೆ ಕಾಗದದಲ್ಲಿ ಇವನ ತೋಟದ ನೊಣದ ಹೆಸರು ಇನ್ವೇಡೆನ್ಸ್. ಹಣ್ಣು ಕೊಳ್ಳುವ ದೇಶದ ಕ್ವಾರಂಟೈನ್ ಅಧಿಕಾರಿ ಕೇಳುವುದು ಒಂದೇ ಮಾತು: ಇದೇ ಪ್ರಭೇದದ ಮೇಲೆ ಪರೀಕ್ಷಿಸಿದ ದಾಖಲೆ ಕೊಡಿ. ಹೆಸರು ಹೊಸದಾದರೆ ಪರೀಕ್ಷೆಯನ್ನೂ ಹೊಸದಾಗಿ ಮಾಡಬೇಕು. ಅದಕ್ಕೆ ವರ್ಷಗಳು ಬೇಕು, ಹಣ್ಣು ಮಾತ್ರ ಈ ಬೇಸಿಗೆಯಲ್ಲೇ ಹಣ್ಣಾಗುತ್ತದೆ.

ಮತ್ತೆ ಒಂದಾದದ್ದು

ಎರಡು ನೊಣಗಳು ಒಂದೇ ಪ್ರಭೇದವೋ ಅಲ್ಲವೋ ಎಂದು ಕಂಡುಹಿಡಿಯುವುದು ಹೇಗೆ? ಪ್ರಭೇದದ ವ್ಯಾಖ್ಯೆ ನಿಮಗೆ ಗೊತ್ತು: ತಮ್ಮೊಳಗೆ ಕೂಡಿ, ಸಂತಾನಶಕ್ತಿಯುಳ್ಳ ಮರಿಗಳನ್ನು ಪಡೆಯುವ ಜೀವಿಗಳ ಗುಂಪು. ಅನ್ಸ್ಟ್ ಮಯರ್ 1942ರಲ್ಲಿ ಪ್ರಚಾರಕ್ಕೆ ತಂದದ್ದು ಇದನ್ನೇ. ಬಾಯಿಪಾಠ ಮಾಡುವಾಗ ಒಂದು ಸಾಲು. ಮಾಡಿ ತೋರಿಸುವುದು ದೊಡ್ಡ ಕೆಲಸ.

ಆ ಕೆಲಸವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಜಂಟಿಯಾಗಿ ಕೈಗೆತ್ತಿಕೊಂಡವು. ನೊಣಕ್ಕೂ ಪರಮಾಣು ಶಕ್ತಿಗೂ ಏನು ಸಂಬಂಧ ಎಂದು ಕೇಳಬೇಡಿ, ಸಂಬಂಧ ಇದೆ. ಗಂಡು ನೊಣಗಳಿಗೆ ವಿಕಿರಣ ಹಾಯಿಸಿ ಬಂಜೆ ಮಾಡಿ ಲಕ್ಷಗಟ್ಟಲೆ ಹಾರಿಬಿಡುವ ವಿಧಾನವಿದೆ. ಕಾಡಿನ ಹೆಣ್ಣುಗಳು ಅವುಗಳೊಂದಿಗೆ ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ. ಬಿಟ್ಟ ಗಂಡೂ ಊರಿನ ಹೆಣ್ಣೂ ಬೇರೆ ಬೇರೆ ಪ್ರಭೇದವಾದರೆ ಹಣವೆಲ್ಲ ಗಾಳಿಗೆ ಹೋದಂತೆ.

ಹಲವು ದೇಶಗಳ ಹತ್ತಾರು ವಿಜ್ಞಾನಿಗಳು ನಾಲ್ಕಾರು ದಿಕ್ಕಿನಿಂದ ಪರೀಕ್ಷೆ ನಡೆಸಿದರು. ಸೂಜಿಯ ಉದ್ದವನ್ನು ಬೇರೆ ಬೇರೆ ಊರಿನ ನೊಣಗಳಲ್ಲಿ ಅಳೆದರು. ಒಂದು ಪ್ರಭೇದದ ಅಳತೆ ಮುಗಿದು ಇನ್ನೊಂದರದು ಶುರುವಾಗುವ ಗಡಿ ಸಿಗಲಿಲ್ಲ, ಒಂದರೊಳಗೊಂದು ಬೆರೆತಿದ್ದವು. ಡಿಎನ್‌ಎ ಹೋಲಿಸಿದರು, ವರ್ಣತಂತುಗಳನ್ನು ನೋಡಿದರು. ದೊಡ್ಡ ಪಂಜರಗಳಲ್ಲಿ ಎರಡು ‘ಪ್ರಭೇದ’ಗಳ ಗಂಡು ಹೆಣ್ಣುಗಳನ್ನು ಒಟ್ಟಿಗೆ ಬಿಟ್ಟು, ಸಂಜೆ ಕತ್ತಲಾಗುವ ಹೊತ್ತಿಗೆ ಯಾರು ಯಾರನ್ನು ಆರಿಸಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದರು. ಈ ನೊಣಗಳು ಜೋಡಿಯಾಗುವುದು ಮುಸ್ಸಂಜೆಯಲ್ಲೇ. ಡಾರ್ಸಾಲಿಸ್, ಪಪಾಯೆ, ಫಿಲಿಪಿನೆನ್ಸಿಸ್, ಇನ್ವೇಡೆನ್ಸ್ ಇವು ತಮ್ಮವರು ಹೊರಗಿನವರು ಎಂದು ಭೇದ ಮಾಡಲಿಲ್ಲ. ಮರಿಗಳೂ ಆರೋಗ್ಯವಾಗಿದ್ದವು.

ನನಗೆ ಅತ್ಯಂತ ಇಷ್ಟವಾದ ಸಾಕ್ಷ್ಯ ವಾಸನೆಯದು. ಇದರ ಮೂಲ ನಮ್ಮ ದೇಶದಲ್ಲೇ ಇದೆ. ಬಿಹಾರದ ಪೂಸಾದ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದ್ದ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರು, ಸೊಳ್ಳೆ ಓಡಿಸಲು ಕರವಸ್ತ್ರಕ್ಕೆ ಹಚ್ಚಿಕೊಂಡ ಸಿಟ್ರೊನೆಲ್ಲ ಎಣ್ಣೆಗೆ ಹಣ್ಣುನೊಣಗಳು ಮುತ್ತುತ್ತವೆ ಎಂಬುದನ್ನು ತಿಳಿದು ಹಿಂದೆ ಬಿದ್ದರು. ಬಂದವುಗಳೆಲ್ಲ ಗಂಡುಗಳೇ. 1912 ಮತ್ತು 1915ರಲ್ಲಿ ಅವರು ಪ್ರಕಟಿಸಿದ ಬರಹಗಳಿಂದ ಗೊತ್ತಾದದ್ದು, ಸೆಳೆಯುವ ವಸ್ತುಗಳಲ್ಲಿ ಮೀಥೈಲ್ ಯೂಜಿನಾಲ್ ಮುಖ್ಯ ಎಂದು. ತುಳಸಿಯಲ್ಲೂ ಅದಿದೆ. ಈಗ ಮಾವಿನ ತೋಪಿನಲ್ಲಿ ನೇತುಹಾಕುವ ಪ್ಲಾಸ್ಟಿಕ್ ಡಬ್ಬಿಯ ಬಲೆಗಳೊಳಗೆ ಇರುವುದೂ ಅದೇ. ಗಂಡು ನೊಣ ಮೀಥೈಲ್ ಯೂಜಿನಾಲನ್ನು ನೆಕ್ಕಿ, ದೇಹದೊಳಗೆ ಬೇರೆ ಎರಡು ರಾಸಾಯನಿಕಗಳಾಗಿ ಮಾರ್ಪಡಿಸಿ, ಸಂಜೆ ಹೆಣ್ಣನ್ನು ಕರೆಯಲು ಸುಗಂಧದಂತೆ ಹೊರಬಿಡುತ್ತದೆ. ಮೇಲಿನ ನಾಲ್ಕೂ ‘ಪ್ರಭೇದ’ಗಳು ತಯಾರಿಸುವುದು ಅದೇ ಎರಡನ್ನು. ಕರಂಬೋಲೆ ಮಾತ್ರ ಆ ಎರಡರಲ್ಲಿ ಒಂದನ್ನಷ್ಟೇ ತಯಾರಿಸುತ್ತದೆ, ಜೊತೆಗೆ ತನ್ನದೇ ಬೇರೆ ವಾಸನೆ ಸೇರಿಸುತ್ತದೆ. ಪಂಜರದಲ್ಲೂ ಕರಂಬೋಲೆ ಹೆಚ್ಚಾಗಿ ತನ್ನವರನ್ನೇ ಆರಿಸಿಕೊಂಡಿತು.

2015ರಲ್ಲಿ ಶುಟ್ಸೆ ಮತ್ತು ಸಂಗಡಿಗರು ತೀರ್ಮಾನ ಪ್ರಕಟಿಸಿದರು. ಪಪಾಯೆ, ಫಿಲಿಪಿನೆನ್ಸಿಸ್, ಇನ್ವೇಡೆನ್ಸ್ ಮೂರೂ ಡಾರ್ಸಾಲಿಸ್‌ನ ಪರ್ಯಾಯ ಹೆಸರುಗಳು ಮಾತ್ರ. 1912ರ ಹೆಸರು ಎಲ್ಲಕ್ಕಿಂತ ಹಳೆಯದಾದ್ದರಿಂದ ಅದೇ ನಿಲ್ಲುತ್ತದೆ. ಕರಂಬೋಲೆ ಪ್ರತ್ಯೇಕ ಪ್ರಭೇದವಾಗಿ ಮುಂದುವರಿಯುತ್ತದೆ. ಹೀಗೆ ಕೇರ್ನ್ಸ್‌ನಲ್ಲಿ ನಿರ್ಮೂಲವಾದದ್ದೂ, ಕೆನ್ಯಾದ ದಾಳಿಕೋರನೂ, ರಾಮನಗರದ ಊಜಿಯೂ ಒಂದೇ ಎಂದಾಯಿತು. ಹವಾಯಿಯಲ್ಲಿ ಡಾರ್ಸಾಲಿಸ್ ಮೇಲೆ ಹೆಸರು ಮಾಡಿದ್ದ ಫೋಪಿಯಸ್ ಅರಿಸಾನಸ್ ಎಂಬ ಪುಟ್ಟ ಕಣಜವನ್ನು ಆಫ್ರಿಕಾಕ್ಕೆ ಅದಾಗಲೇ ತಂದು ಬಿಟ್ಟಿದ್ದರು. ಅದು ಅಲ್ಲಿನ ನೊಣದ ಮೊಟ್ಟೆಗಳನ್ನೂ ಹುಡುಕಿ ಹೋಯಿತು. ಕಣಜಕ್ಕೆ ಯಾವ ಪ್ರಬಂಧವೂ ಬೇಕಾಗಿರಲಿಲ್ಲ.

ಎಲ್ಲರೂ ಒಪ್ಪಿದರೇ ಎಂದರೆ, ಇಲ್ಲ. ಡ್ರೂ ಅವರು ರೋಮಿಗ್ ಜೊತೆ 2016ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಒಪ್ಪದೆ ಇನ್ವೇಡೆನ್ಸ್ ಬೇರೆಯೇ ಎಂದರು. ಪಂಜರದಲ್ಲಿ ಕೂಡುವುದಕ್ಕೂ ಬಯಲಿನಲ್ಲಿ ಕೂಡುವುದಕ್ಕೂ ವ್ಯತ್ಯಾಸವಿರಬಹುದು ಎಂಬುದು ತಳ್ಳಿಹಾಕುವ ಮಾತಲ್ಲ. ಅತ್ತ ಮಲೇಷ್ಯಾದಲ್ಲಿ ಕರಂಬೋಲೆ ಮತ್ತು ಡಾರ್ಸಾಲಿಸ್ ಎರಡರ ವಾಸನೆಯೂ ಬೆರೆತ ಗಂಡುಗಳು ಸಿಕ್ಕಿವೆ. ಅಂದರೆ ಪ್ರತ್ಯೇಕ ಎಂದುಕೊಂಡ ಪ್ರಭೇದಗಳ ನಡುವಿನ ಬೇಲಿಯಲ್ಲೂ ಅಲ್ಲಲ್ಲಿ ಸಂದಿ ಇದೆ. ಆದರೂ ನನ್ನ ಒಲವು 2015ರ ತೀರ್ಮಾನದ ಕಡೆಗೆ. ಒಂದು ಗುರುತನ್ನು ಮಾತ್ರ ನಂಬದೆ ಅಳತೆ, ಡಿಎನ್‌ಎ, ವಾಸನೆ, ಸಂತಾನ ಎಲ್ಲವನ್ನೂ ಕೇಳಿ ಹೇಳಿದ ತೀರ್ಮಾನ ಅದು. ಹೆಚ್ಚಿನ ವಿಜ್ಞಾನಿಗಳೂ ದೇಶಗಳೂ ಈಗ ಅದನ್ನೇ ಅನುಸರಿಸುತ್ತಿವೆ.

ನಮ್ಮ ಮಾವಿನ ಕಥೆ

2014ರ ಮೇ 1ರಿಂದ ಐರೋಪ್ಯ ಒಕ್ಕೂಟ ಭಾರತದ ಮಾವನ್ನು ತಡೆಯಿತು. ಜೊತೆಗೆ ಹಾಗಲ, ಪಡವಲ, ಬದನೆ, ಕೆಸುವನ್ನೂ ತಡೆಯಿತು. 2013ರಲ್ಲಿ ಭಾರತದಿಂದ ಹೋದ ಹಣ್ಣು ತರಕಾರಿಗಳ 207 ರವಾನೆಗಳಲ್ಲಿ ಹಣ್ಣುನೊಣ ಮತ್ತಿತರ ಕೀಟಗಳು ಸಿಕ್ಕಿದ್ದವು ಎಂಬುದು ಕಾರಣ. ಮಾವಿನ ಮೇಲಿನ ತಡೆ 2015ರ ಆರಂಭದಲ್ಲಿ ತೆರವಾಯಿತು. ಅಲ್ಲಿನ ನಿಷಿದ್ಧ ಕೀಟಗಳ ಪಟ್ಟಿಯಲ್ಲಿ ‘ಯುರೋಪಿನದಲ್ಲದ ಟೆಫ್ರಿಟಿಡೇ’ ಎಂದು ಇಡೀ ಕುಟುಂಬದ ಹೆಸರೇ ಇತ್ತು. ನೀವು ಒಂದು ಅಂಕಕ್ಕೆ ಬರೆಯುವ ‘ಕುಟುಂಬ’ ಎಂಬ ಆ ಕಾಲಂ ಬಂದರಿನಲ್ಲಿ ಪೆಟ್ಟಿಗೆಗಳನ್ನು ನಿಲ್ಲಿಸಬಲ್ಲದು. ತೋಪು ಗುತ್ತಿಗೆ ಹಿಡಿದು ಹೂವಿನಲ್ಲೇ ಮುಂಗಡ ಕೊಟ್ಟಿರುವ ಮನೆಯವರು ನಿಮ್ಮಲ್ಲಿದ್ದಾರೆ. ರಫ್ತಿಗೆ ಹೋಗಬೇಕಾದ ಹಣ್ಣು ಊರ ಮಂಡಿಗೇ ಬಂದು ಬಿದ್ದರೆ ದರ ಏನಾಗುತ್ತದೆ ಎಂದು ಅವರನ್ನು ಕೇಳಿ ತಿಳಿಯಿರಿ.

ಕುಟುಂಬದ ಮಟ್ಟದಲ್ಲಿ ತಡೆ ಬೀಳುತ್ತದೆ, ಬಿಡುಗಡೆ ಸಿಗುವುದು ಪ್ರಭೇದದ ಮಟ್ಟದಲ್ಲಿ. ಜಪಾನ್ 2006ರಲ್ಲಿ ಭಾರತದ ಮಾವಿಗೆ ಬಾಗಿಲು ತೆರೆದದ್ದು, ಇಂಥಿಂಥ ನೊಣದ ಹುಳು ಬಿಸಿ ಹಬೆಗೆ ಸಾಯುತ್ತದೆ ಎಂದು ಹೆಸರು ಹಿಡಿದು ತೋರಿಸಿದ ಮೇಲೆಯೇ.

ಅಂದಹಾಗೆ ನಮ್ಮಲ್ಲಿ ಡಾರ್ಸಾಲಿಸ್ ಒಂದೇ ಇಲ್ಲ. ಸೀಬೆಯಲ್ಲಿ ಜೊನಾಟ, ಕರೆಕ್ಟ ಎಂಬ ಇನ್ನೆರಡು ಬ್ಯಾಕ್ಟ್ರೊಸೆರಗಳೂ ಸಿಗುತ್ತವೆ. ಇವೆರಡರಲ್ಲೂ ರೆಕ್ಕೆಯ ಅಂಚಿನ ಗೆರೆ ಉದ್ದಕ್ಕೂ ಇರದೆ ತುದಿಯಲ್ಲಿ ಒಂದು ಚುಕ್ಕೆಯಾಗಿ ಉಳಿದಿದೆ. ಕರೆಕ್ಟದ ಮುಖದ ಮೇಲೆ ಅಡ್ಡಕ್ಕೆ ಕಪ್ಪು ಗುರುತಿದೆ, ಜೊನಾಟ ಒಟ್ಟಿನಲ್ಲಿ ಕೆಂಗಂದು. ಹಾಗಲ, ಸೌತೆ, ಹೀರೆಯನ್ನು ಕೆಡಿಸುವುದು ಕುಕುರ್ಬಿಟೆ. ಅದಕ್ಕೆ 1899ರಲ್ಲಿ ಕೊಕ್ವಿಲೆಟ್ ಹೆಸರಿಟ್ಟದ್ದು ಹವಾಯಿಯಲ್ಲಿ ಸಿಕ್ಕ ನೊಣ ನೋಡಿ. ಅದರ ಮೂಲ ನಮ್ಮ ಏಷ್ಯಾ. ಇತ್ತೀಚೆಗೆ ಡಿಎನ್‌ಎ ಆಧಾರದ ಮೇಲೆ ಅದನ್ನು ಬ್ಯಾಕ್ಟ್ರೊಸೆರದಿಂದ ತೆಗೆದು ಜ್ಯೂಗೊಡೇಕಸ್ ಕುಲಕ್ಕೆ ಸೇರಿಸಿದ್ದಾರೆ. ಹಳೆಯ ಪುಸ್ತಕದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಕಂಡರೆ ಗಾಬರಿ ಬೇಡ. ಬೋರೆ ಹಣ್ಣಿನ ಹುಳು ಕಾರ್ಪೊಮಿಯ ವೆಸುವಿಯಾನ. ನಮ್ಮ ಎಲಚಿ ಗಿಡದ ನೊಣದ ಹೆಸರಿನಲ್ಲಿ ಇಟಲಿಯ ವೆಸುವಿಯಸ್ ಜ್ವಾಲಾಮುಖಿ ಇದೆ. ಆಲಿವ್, ಅಂದರೆ ನಾವು ಜೈತೂನ್ ಎನ್ನುವ ಹಣ್ಣಿನ ನೊಣವೂ ಬ್ಯಾಕ್ಟ್ರೊಸೆರವೇ, ಬ್ಯಾಕ್ಟ್ರೊಸೆರ ಓಲಿಯೆ.

ಹೆಸರು ಬದಲಾಯಿಸಬೇಕಿದ್ದರೂ ಬದಲಾಯಿಸದೆ ಬಿಟ್ಟ ಉದಾಹರಣೆಯೂ ಒಂದಿದೆ. ಡ್ರೊಸೊಫಿಲ ಎಂಬ ದೊಡ್ಡ ಕುಲದೊಳಗೆ ನಿಜವಾಗಿ ಹಲವು ವಂಶಾವಳಿಗಳು ಬೆರೆತಿವೆ ಎಂದು ಡಿಎನ್‌ಎ ತೋರಿಸಿತು. ಒಡೆದರೆ ಮೆಲನೋಗ್ಯಾಸ್ಟರ್‌ಗೆ ಸೊಫೊಫೊರ ಎಂಬ ಕುಲನಾಮ ಬರುವ ಸಾಧ್ಯತೆ ಇತ್ತು. ಹಾಗಾಗದಂತೆ ನಿಯಮಕ್ಕೆ ವಿನಾಯಿತಿ ಕೊಡಿ, ಮೆಲನೋಗ್ಯಾಸ್ಟರ್ ಅನ್ನೇ ಡ್ರೊಸೊಫಿಲದ ಮಾದರಿ ಪ್ರಭೇದ ಮಾಡಿ ಎಂಬ ಅರ್ಜಿಯನ್ನು ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಆಯೋಗ 2010ರಲ್ಲಿ ತಿರಸ್ಕರಿಸಿತು. ಕುಲವನ್ನು ಒಡೆಯುವ ಕೆಲಸವನ್ನು ಹೆಚ್ಚಿನವರು ಮುಟ್ಟಲಿಲ್ಲ. ಹಾಗಾಗಿ ಮಾರ್ಗನ್ ಅವರ ನೊಣ ಇನ್ನೂ ಹಳೆಯ ಹೆಸರಿನಲ್ಲೇ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲ ತಳಿಗಳನ್ನು ಸಾಕಿ ಕಾಪಾಡುವ ಕೇಂದ್ರವಿದೆ. ಅವಕಾಶವಾದಾಗ ಹೋಗಿ ನೋಡಿ.

ನೀವೇ ಮಾಡಿ ನೋಡಿ

ಈ ಮಾವಿನ ಕಾಲದಲ್ಲಿ ಪ್ರಯೋಗಾಲಯದಲ್ಲಿ ಒಂದು ಸಣ್ಣ ಕೆಲಸ ಮಾಡೋಣ. ಹುಳು ಬಿದ್ದ ಮಾವು, ಸೀಬೆ, ಹಾಗಲ ಯಾವುದು ಸಿಕ್ಕರೂ ಬಿಸಾಡದೆ ತನ್ನಿ. ಬಾಯಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಬೆರಳು ಆಳಕ್ಕೆ ತೇವದ ಮರಳು ಹಾಕಿ, ಹಣ್ಣನ್ನು ಅದರ ಮೇಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ. ಹುಳುಗಳು ಮರಳಿಗೆ ಇಳಿದ ಮೇಲೆ ಕೊಳೆತ ಹಣ್ಣನ್ನು ತೆಗೆದುಬಿಡಿ, ಇಲ್ಲದಿದ್ದರೆ ಲ್ಯಾಬ್ ಅಟೆಂಡರ್ ನಮ್ಮಿಬ್ಬರನ್ನೂ ಹೊರಗೆ ಹಾಕುತ್ತಾರೆ. ಹತ್ತು ಹನ್ನೆರಡು ದಿನಗಳಲ್ಲಿ ನೊಣ ಹೊರಬರುತ್ತದೆ. ಬಂದ ದಿನವೇ ನೋಡಬೇಡಿ, ಬಣ್ಣ ಗಟ್ಟಿಯಾಗಲು ಎರಡು ಮೂರು ದಿನ ಸಕ್ಕರೆ ನೀರಿನ ಹತ್ತಿಯಿಟ್ಟು ಕಾಯಿರಿ. ಆಮೇಲೆ ಭೂತಗನ್ನಡಿಯಲ್ಲಿ ರೆಕ್ಕೆಯ ಅಂಚು, ಬೆನ್ನಿನ ಪಟ್ಟಿ, ಹೊಟ್ಟೆಯ ‘ಟಿ’, ಮುಖದ ಚುಕ್ಕೆ ಈ ಕ್ರಮದಲ್ಲಿ ನೋಡಿ ಬರೆದುಕೊಳ್ಳಿ.

ಡಬ್ಬಿಯ ಮೇಲೆ ಚೀಟಿ ಅಂಟಿಸುವುದನ್ನು ಮಾತ್ರ ಮರೆಯಬೇಡಿ. ಯಾವ ಹಣ್ಣು, ಯಾವ ಊರಿನ ತೋಟ, ಯಾವ ತಾರೀಖು, ತಂದವರು ಯಾರು, ಇವನ್ನು ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ನೀರಿಗೆ ಹರಡುತ್ತದೆ. ನೊಣದ ಹೆಸರಿಗೆ ಬೇರೆಯದೇ ಚೀಟಿ ಇರಲಿ. ಹೆಸರಿನ ಚೀಟಿಯನ್ನು ಮುಂದೆ ಯಾರಾದರೂ ಬದಲಾಯಿಸಬಹುದು, ಮೊದಲನೆಯದನ್ನು ಬದಲಾಯಿಸುವಂತಿಲ್ಲ. ಡಬ್ಬಿಗಳನ್ನು ಸೋಮವಾರ ಅಥವಾ ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ. ಕಾಮರ್ಸ್, ಆರ್ಟ್ಸ್‌ನವರೂ ತರಬಹುದು.